ಯು ಇಲ್ಲದ ಕ್ಯೂ

ಇಂಗ್ಲಿಷ್ ವರ್ಣಮಾಲೆಯ ಇಪ್ಪತ್ತಾರು ಅಕ್ಷರಗಳಲ್ಲಿ ಒಂಟಿಯಾಗಿ ಹೊಸಲು ದಾಟಲಾರದ ಅಕ್ಷರವೊಂದಿದೆ. ಅದು ಕ್ಯೂ. ಎಲ್ಲಿಗೆ ಹೊರಟರೂ ಅದರ ಬೆನ್ನಿಗೆ ಯು ಇರಲೇಬೇಕು. ಕ್ವೀನ್, ಕ್ವಿಕ್, ಕ್ವೆಶ್ಚನ್, ಈಕ್ವಲ್ ಎಲ್ಲ ಕಡೆಯೂ ಇದೇ ಜೋಡಿ. ಮಾಧ್ಯಮಿಕ ಶಾಲೆಯಲ್ಲಿ ಡಿಕ್ಟೇಷನ್ ಬರೆದು ಬೆತ್ತದ ಏಟು ತಿಂದವರಾರೂ ಈ ನಿಯಮವನ್ನು ಮರೆತಿರಲಾರರು. ಪಡಿತರದ ಅಂಗಡಿಯ ಮುಂದೆ ಜನ ನಿಲ್ಲುವ 'ಕ್ಯೂ' ಎಂಬ ಶಬ್ದವನ್ನೇ ನೋಡಬಹುದು. ಅದರಲ್ಲಿ ಐದು ಅಕ್ಷರಗಳಿವೆ: ಕ್ಯೂ, ಯು, ಇ, ಯು, ಇ. ಕೆಲಸ ಮಾಡುವುದು ಮೊದಲನೆಯದೊಂದೇ. ಉಳಿದ ನಾಲ್ಕು ಚೀಲ ಹಿಡಿದು ಹಿಂದೆ ಸಾಲಾಗಿ ನಿಂತಿವೆ, ಅಷ್ಟೆ. ಲ್ಯಾಟಿನ್ನಿನಲ್ಲಿ ಬಾಲವೆಂಬ ಅರ್ಥವಿದ್ದ ಶಬ್ದದಿಂದ ಫ್ರೆಂಚಿನ ಮೂಲಕ ಬಂದದ್ದು ಇದು. ಕನ್ನಡಿಗರು ಇದನ್ನು ಒಂದೇ ಅಕ್ಷರದಲ್ಲಿ ಮುಗಿಸಿ ಜಾಣರಾದರು.

ಹಾಗಾದರೆ ಯು ಇಲ್ಲದ ಕ್ಯೂ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲವೆ? ಇದೆ; ನಿಘಂಟಿನ ಮೂಲೆಯಲ್ಲಿ ಅಡಗಿದೆ. ಈ ವಾರ ಆರಿಸಿಕೊಂಡಿರುವುದು ಅಂಥವುಗಳನ್ನೇ, ಅದರಲ್ಲಿಯೂ ಮುಖ್ಯವಾಗಿ ಐದೇ ಅಕ್ಷರಗಳುಳ್ಳವನ್ನು.

ಮೊದಲು ಈ ಜೋಡಿ ಹೇಗೆ ಕೂಡಿಬಂದಿತೆಂಬುದನ್ನು ತಿಳಿಯುವುದು ಉಚಿತ. ಪ್ರಾಚೀನ ಫಿನೀಷಿಯನ್ನರ ಲಿಪಿಯಲ್ಲಿ ಕ್ಯೂವಿನ ಪೂರ್ವಜನಾದ 'ಕೋಫ್' ಎಂಬ ಅಕ್ಷರ ಸ್ವತಂತ್ರವಾಗಿದ್ದಿತು. ಗಂಟಲಿನ ಆಳದಿಂದ ಹೊರಡುವ ಒಂದು ಬಗೆಯ ಕಕಾರಕ್ಕೆ ಅದು ಸಂಕೇತ. ಗ್ರೀಕರ ಬಾಯಲ್ಲಿ ಆ ಧ್ವನಿ ಇರಲಿಲ್ಲವಾದ್ದರಿಂದ ಕ್ರಮೇಣ ಅವರು ಅಕ್ಷರವನ್ನು ಕೈಬಿಟ್ಟರು. ಇಟಲಿಯ ಎಟ್ರಸ್ಕನ್ನರದು ಬೇರೆ ರೀತಿ. ಒಂದೇ ಕಕಾರಕ್ಕೆ ಮೂರು ಅಕ್ಷರಗಳನ್ನು ಇಟ್ಟುಕೊಂಡು, ಮುಂದೆ ಬರುವ ಸ್ವರವನ್ನು ನೋಡಿ ಒಂದೊಂದನ್ನು ಹಂಚಿದರು. ಉಕಾರದ ಪಾಲಿಗೆ ಕ್ಯೂ ಬಂದಿತು. ರೋಮನರು ಅದನ್ನೇ ಹಿಡಿದರು. ಇಂಗ್ಲೆಂಡಿನಲ್ಲಿ ಮಾತ್ರ ಬಹುಕಾಲ ಈ ಕಟ್ಟಳೆ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ರಾಣಿಗೆ 'ಕ್ವೇನ್' ಎಂದು ಹೇಳುತ್ತಿದ್ದರು. ಆದರೆ ಬರೆಯುವಾಗ ಕ್ಯೂವನ್ನು ಬಳಸದೆ, ಸಿ ಅಕ್ಷರದ ಮುಂದೆ ವಕಾರವನ್ನಿಡುತ್ತಿದ್ದರು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿ ಬಲ್ಲ ಲಿಪಿಕಾರರ ಕೈಯಲ್ಲಿ ಬರವಣಿಗೆ ಬದಲಾಯಿತು. ರಾಣಿಯ ಹೆಸರಿನಲ್ಲಿ ಕ್ಯೂ ಬಂದು ಕುಳಿತಿತು. ಜೊತೆಗೆ ಯು ಬಂದಿತು. ಆಂಗ್ಲರ ಅಚ್ಚ ಸ್ವಂತ ಶಬ್ದವೆಂದು ತೋರುವ 'ಕ್ವೀನ್' ಕೂಡ ಹೀಗೆ ಪರದೇಶದ ಉಡುಪನ್ನು ತೊಟ್ಟದ್ದು.

ಸಾಮಾನ್ಯ ಬರವಣಿಗೆಯಲ್ಲಿ ಯು ಇಲ್ಲದ ಕ್ಯೂವಿನ ಅಗತ್ಯ ಯಾರಿಗೂ ಬೀಳದು. ಆಟದಲ್ಲಿ ಬೀಳುತ್ತದೆ. ಸ್ಕ್ರ್ಯಾಬಲ್ ಎಂಬ ಅಕ್ಷರದಾಟ ಅನೇಕ ಮನೆಗಳಲ್ಲಿ ಉಂಟಷ್ಟೆ. ಅದನ್ನು ಕಂಡುಹಿಡಿದ ಆಲ್‌ಫ್ರೆಡ್ ಬಟ್ಸ್ ಕಟ್ಟಡಗಳ ನಕ್ಷೆ ತೆಗೆಯುತ್ತಿದ್ದ ಅಮೆರಿಕದ ಶಿಲ್ಪಿ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಾಗ ಆತ ವೃತ್ತಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು, ಯಾವ ಅಕ್ಷರ ಎಷ್ಟು ಸಲ ಬರುವುದೆಂದು ಎಣಿಸತೊಡಗಿದ. ನೌಕರಿಯಿಲ್ಲದ ಮನುಷ್ಯನೊಬ್ಬ ದಿನವೆಲ್ಲ ಎ, ಬಿ, ಸಿ ಎಣಿಸುವುದನ್ನು ಕಂಡು ನೆರೆಹೊರೆಯವರು ಏನೆಂದುಕೊಂಡಿರಬಹುದು! ಆ ಎಣಿಕೆಯೇ ಆಟದ ಬುನಾದಿಯಾಯಿತು. ನೂರು ಬಿಲ್ಲೆಗಳಲ್ಲಿ 'ಇ' ಅಕ್ಷರಕ್ಕೆ 12, 'ಯು' ಅಕ್ಷರಕ್ಕೆ 4, ಕ್ಯೂವಿಗೆ ಒಂದೇ ಒಂದು; ಆದರೆ ಆ ಒಂದಕ್ಕೆ ಹತ್ತು ಅಂಕ. ಆಟವನ್ನು ಕೊಳ್ಳುವವರಿಲ್ಲದೆ ವರ್ಷಗಳೇ ಕಳೆದವು. 1948ರಲ್ಲಿ ಜೇಮ್ಸ್ ಬ್ರೂನೋ ಎಂಬವನು ಅದನ್ನು ವಹಿಸಿಕೊಂಡು ಇಂದಿನ ಹೆಸರನ್ನಿಟ್ಟ. ಮರುವರ್ಷ 2,400 ಪೆಟ್ಟಿಗೆಗಳನ್ನು ತಯಾರಿಸಿ 450 ಡಾಲರು ನಷ್ಟವನ್ನೂ ಮಾಡಿಕೊಂಡ. 1952ರಿಂದೀಚೆಗೆ ಭಾಗ್ಯ ತೆರೆಯಿತು. ಬೇಡಿಕೆಯನ್ನು ಪೂರೈಸುವುದೇ ಕಷ್ಟವಾಯಿತು.

ಆಡಿದವರಿಗೆ ಕ್ಯೂವಿನ ಕಷ್ಟ ಗೊತ್ತು. ಯು ಅಕ್ಷರಗಳೆಲ್ಲ ಮಣೆಯ ಮೇಲೆ ಬಿದ್ದುಹೋದ ಮೇಲೆ ಕೈಗೆ ಕ್ಯೂ ಬಂದರೆ, ಮದುವೆಯ ಮನೆಯಲ್ಲಿ ಊಟ ಮುಗಿದ ಮೇಲೆ ಬಂದ ನೆಂಟನಂತೆ ಅದನ್ನು ಕೂರಿಸುವುದೆಲ್ಲಿ? ಎದುರಾಳಿ ತನ್ನ ಬಿಲ್ಲೆಗಳನ್ನು ಮುಗಿಸಿಬಿಟ್ಟರೆ ಕೈಯಲ್ಲುಳಿದ ಹತ್ತು ಅಂಕ ತನ್ನ ಲೆಕ್ಕದಿಂದ ಕಳೆದುಹೋಗುವುದಲ್ಲದೆ ಅವನ ಲೆಕ್ಕಕ್ಕೆ ಸೇರುವುದು. ಒಂದು ಬಿಲ್ಲೆಗೆ ಇಪ್ಪತ್ತರ ವ್ಯತ್ಯಾಸ. ಆದ್ದರಿಂದಲೇ ಪಳಗಿದ ಆಟಗಾರರು ಯು ಬೇಡದ ಶಬ್ದಗಳ ಪಟ್ಟಿಯನ್ನು ಮಗ್ಗಿಯಂತೆ ಉರು ಹೊಡೆದಿರುತ್ತಾರೆ.

ಬೆಂಗಳೂರಿನ ಒಂದು ಮನೆಯ ರಜೆಯ ಮಧ್ಯಾಹ್ನವನ್ನು ಊಹಿಸಿಕೊಳ್ಳಬಹುದು. ನಿವೃತ್ತ ಹೆಡ್‌ಮಾಸ್ತರರಾದ ತಾತ, ಕಾಲೇಜಿಗೆ ಹೋಗುವ ಮೊಮ್ಮಗಳು, ನಡುವೆ ಮಣೆ. ಮೊಮ್ಮಗಳು ಐದು ಬಿಲ್ಲೆಗಳನ್ನು ಸಾಲಾಗಿ ಜೋಡಿಸುತ್ತಾಳೆ: ಕ್ಯೂ, ಎ, ಎನ್, ಎ, ಟಿ.

"ಇದೆಲ್ಲಿಯ ಇಂಗ್ಲಿಷು ಪುಟ್ಟೀ? ಕ್ಯೂ ಆದ ಮೇಲೆ ಯು ಬೇಡವೆ?"

"ಇದೆ ತಾತ, 'ಕನಾತ್' ಅಂತ. ಪಟ್ಟಿಯಲ್ಲಿ ನೋಡಿ. ಹದಿನಾಲ್ಕು ಅಂಕ, ಎರಡರಷ್ಟು ಮಾಡುವ ಮನೆ ಬೇರೆ, ಇಪ್ಪತ್ತೆಂಟು!"

"ಇರಲಿ, ಹಾಗೆಂದರೇನು?"

ಮೊಮ್ಮಗಳು ತಡವರಿಸುತ್ತಾಳೆ. "ಅದು ಗೊತ್ತಿಲ್ಲ ತಾತ. ಪಟ್ಟಿಯಲ್ಲಿ ಅರ್ಥ ಕೊಟ್ಟಿರುವುದಿಲ್ಲ."

ನಿಘಂಟನ್ನು ತೆಗೆದು ನೋಡಿದರೆ, ನೆಲದಡಿಯ ಸುರಂಗದಲ್ಲಿ ನೀರನ್ನು ಹರಿಸಿ ತರುವ ಕಾಲುವೆಯೆಂದು ಬರೆದಿದೆ. ತಾತ ಕನ್ನಡಕವನ್ನು ತೆಗೆದು ಕೆಳಗಿಡುತ್ತಾರೆ. ಬೀದರಿನಲ್ಲಿ ಮೂರು ವರ್ಷ ಕೆಲಸ ಮಾಡಿದವರು ಅವರು. ನೌಬಾದಿನ ಸುರಂಗ ಬಾವಿಯ ಬಾಯಲ್ಲಿ ನಿಂತು ಹುಡುಗರಿಗೆ ತೋರಿಸಿದವರು. ಮೊಮ್ಮಗಳ ಬಳಿ ಶಬ್ದವಿದ್ದಿತು, ವಸ್ತುವಿರಲಿಲ್ಲ. ತಾತನ ಬಳಿ ವಸ್ತುವಿದ್ದಿತು, ಶಬ್ದವಿರಲಿಲ್ಲ. ಆ ದಿನದ ಆಟ ಅಲ್ಲಿಗೇ ನಿಂತು ಮಾತು ಬೀದರಿನ ಕಡೆಗೆ ತಿರುಗಿದ್ದರೆ ಆಶ್ಚರ್ಯವಿಲ್ಲ.

ಶಬ್ದವನ್ನು ಅರ್ಥದಿಂದ ಹೀಗೆ ಬೇರ್ಪಡಿಸಿ ಕಲಿಯುವುದರಲ್ಲಿ ಪರಾಕಾಷ್ಠೆಯನ್ನು ಮುಟ್ಟಿದವರು ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್. ಇಂಗ್ಲಿಷ್ ಸ್ಕ್ರ್ಯಾಬಲ್ಲಿನಲ್ಲಿ ಐದು ಬಾರಿ ವಿಶ್ವವಿಜೇತರಾದ ಇವರು, 2015ರಲ್ಲಿ ಫ್ರೆಂಚ್ ಶಬ್ದಕೋಶವನ್ನು ಸುಮಾರು ಒಂಬತ್ತು ವಾರಗಳಲ್ಲಿ ಬಾಯಿಪಾಠ ಮಾಡಿ, ಫ್ರೆಂಚ್ ಮಾತನಾಡಲು ಬಾರದೆಯೇ ಫ್ರೆಂಚ್ ಆಟದ ವಿಶ್ವಪ್ರಶಸ್ತಿಯನ್ನು ಗೆದ್ದರು. 2024ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿಯೂ ಅದೇ ಪವಾಡವನ್ನು ಮಾಡಿ ತೋರಿಸಿದರು. ಅದ್ಭುತ ಸ್ಮರಣಶಕ್ತಿ, ಸಂದೇಹವಿಲ್ಲ. ಅರ್ಥ ತಿಳಿಯದೆ ವೇದ ಹೇಳುವವರನ್ನು ಹಾಸ್ಯ ಮಾಡುವವರು ಈ ಫ್ರೆಂಚ್ ಪಾರಾಯಣವನ್ನು ಕೇಳಿ ಏನೆನ್ನುವರೋ! ಆಟಕ್ಕೆ ಅಷ್ಟೇ ಸಾಕು. ಮನೆಯ ಮಕ್ಕಳಿಗೆ ಸಾಲದು.

ಐದಕ್ಷರದ ಶಬ್ದಗಳಿಗೆ ಇತ್ತೀಚೆಗೆ ಬಂದ ಬೆಲೆಗೆ ಇನ್ನೊಂದು ಆಟವೂ ಕಾರಣ. ಜಾಶ್ ವಾರ್ಡಲ್ ಎಂಬ ಎಂಜಿನಿಯರು ತನ್ನ ಸಂಗಾತಿ ಪಲಕ್ ಶಾ ಅವರಿಗೆ ಪದಗಳ ಆಟದಲ್ಲಿದ್ದ ಆಸೆಯನ್ನು ಕಂಡು ರಚಿಸಿದ 'ವರ್ಡಲ್' 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆಯಿತು. 2022ರ ಜನವರಿಯಲ್ಲಿಯೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡುಕೊಂಡಿತು. ಇಂಗ್ಲಿಷಿನ ಹನ್ನೆರಡು ಸಾವಿರಕ್ಕೂ ಮಿಕ್ಕ ಐದಕ್ಷರದ ಶಬ್ದಗಳನ್ನು ಪಲಕ್ ಶಾ ಜರಡಿ ಹಿಡಿದು, ಸಾಮಾನ್ಯರಿಗೆ ಪರಿಚಿತವಾದ ಎರಡು ಸಾವಿರದ ಐನೂರಷ್ಟನ್ನು ಉತ್ತರಗಳಿಗಾಗಿ ಉಳಿಸಿದರು. ಯು ಬೇಡದ ಕ್ಯೂಗಳು ಆ ಜರಡಿಯಲ್ಲಿ ಕೆಳಗಿಳಿದವು. ಊಹೆಗೆ ಅವನ್ನು ಬಳಸಬಹುದು, ಉತ್ತರವಾಗಿ ಅವು ಬಾರವು. ಪಂಕ್ತಿಯಲ್ಲಿ ಕೂರಬಹುದು, ಅಗ್ರತಾಂಬೂಲವಿಲ್ಲ.

ಇರಲಿ, ಮೇಲೆ ಹೇಳಿದ 'ಕನಾತ್' ಶಬ್ದಕ್ಕೆ ಮರಳುವುದು ಒಳ್ಳೆಯದು, ಏಕೆಂದರೆ ಪಟ್ಟಿಯಲ್ಲೆಲ್ಲ ಅದಕ್ಕಿಂತ ಸ್ವಾರಸ್ಯವಾದದ್ದು ಇನ್ನೊಂದಿಲ್ಲ. ಇರಾನಿನ ಒಣನೆಲದಲ್ಲಿ ಹುಟ್ಟಿದ ಉಪಾಯವಿದು. ಬೆಟ್ಟದ ಬುಡದಲ್ಲಿ ನೀರು ಸಿಗುವವರೆಗೆ ಆಳವಾದ ಬಾವಿಯೊಂದನ್ನು ತೋಡುವರು. ಅದಕ್ಕೆ ತಾಯಿಬಾವಿಯೆಂದೇ ಹೆಸರು. ದೂರದ ತಗ್ಗಿನ ಊರಿನ ಬಳಿಯಿಂದ ಆ ಬಾವಿಯ ಕಡೆಗೆ ನೆಲದಡಿಯಲ್ಲಿ ಸುರಂಗವನ್ನು ಕೊರೆಯುತ್ತ ಬರುವರು. ಸುರಂಗದ ಇಳಿಜಾರು ಕಂಡೂ ಕಾಣದಷ್ಟು ಇರಬೇಕು. ಹೆಚ್ಚಾದರೆ ನೀರಿನ ರಭಸಕ್ಕೆ ಸುರಂಗವೇ ಕೊಚ್ಚಿಹೋದೀತು, ಕಡಿಮೆಯಾದರೆ ಹೂಳು ತುಂಬೀತು. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಗಳನ್ನು ಇಳಿಸಿ ಅವುಗಳ ಮೂಲಕ ಮಣ್ಣನ್ನೆತ್ತುವರು. ಒಳಗಿನವರಿಗೆ ಗಾಳಿಯೂ ಅಲ್ಲಿಂದಲೇ. ಎತ್ತು ಬೇಡ, ಏತ ಬೇಡ, ಪಂಪು ಬೇಡ. ನೀರು ತನ್ನ ಭಾರದಿಂದ ತಾನೇ ಹರಿದು ಊರಿಗೆ ಬರುವುದು, ಬಿಸಿಲಿಗೆ ಆವಿಯಾಗದು. ಮೇಲಿನಿಂದ ನೋಡಿದರೆ ಹುತ್ತಗಳ ಸಾಲಿನಂತೆ ಕಾಣುವ ಮಣ್ಣಿನ ದಿಬ್ಬಗಳಷ್ಟೇ ಅದರ ಗುರುತು. ಇರಾನಿನ ಗೊನಾಬಾದಿನಲ್ಲಿರುವ ಕನಾತಿನ ಉದ್ದ 33 ಕಿಲೋಮೀಟರು. ಅದರ ತಾಯಿಬಾವಿಯ ಆಳ 300 ಮೀಟರನ್ನು ಮೀರಿದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನದು, ಇಂದಿಗೂ ನೀರು ಹರಿಯುತ್ತಿದೆ. 2016ರಲ್ಲಿ ಅದೂ ಸೇರಿ ಇರಾನಿನ 11 ಕನಾತುಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿ ರೈತರು ನೀರಿನ ಸರದಿಯನ್ನು ಅಳೆಯುತ್ತಿದ್ದುದು ತಳದಲ್ಲಿ ಸಣ್ಣ ತೂತುಳ್ಳ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು. ನಮ್ಮ ನಾಡಿನ ಪುರೋಹಿತರು ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆ ಬಟ್ಟಲೂ ಅದೇ ಬಗೆಯದು.

ಬೀದರಿಗೆ ಈ ವಿದ್ಯೆ ಬಂದದ್ದು 15ನೆಯ ಶತಮಾನದಲ್ಲಿ. ಬಹಮನಿ ಸುಲ್ತಾನ ಅಹಮದ್ ಷಾ ಸುಮಾರು 1430ರ ವೇಳೆಗೆ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಬದಲಾಯಿಸಿದ. ಎತ್ತರದ ಕೆಮ್ಮಣ್ಣಿನ ದಿಣ್ಣೆಯ ಮೇಲೆ ಕೋಟೆಯಾಯಿತು. ಆದರೆ ನದಿ ದೂರ. ಇರಾನಿನೊಡನೆ ಬಹಮನಿಗಳ ಬಳಕೆ ಬಹಳವಿದ್ದಿತು. ಮದರಸದಿಂದ ಹೆಸರಾದ ಮಹಮೂದ್ ಗವಾನನೂ ಆ ಕಡೆಯ ಗೀಲಾನಿನವನೇ. ಮುರಕಲ್ಲಿನಲ್ಲಿ ಮಳೆಯ ನೀರು ಜಿನುಗಿ ಕೆಳಗಿನ ಕರಿಕಲ್ಲನ್ನು ಮುಟ್ಟಿ ನಿಲ್ಲುವ ಪದರವನ್ನು ಹುಡುಕಿ, ನೌಬಾದಿನಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕ ಸುರಂಗವನ್ನು ಕೊರೆದರು. ಇಪ್ಪತ್ತಕ್ಕೂ ಹೆಚ್ಚು ಬಾವಿಗಳು ಅದಕ್ಕೆ ಮೇಲಿನಿಂದ ಇಳಿದಿವೆ. 'ಕರೇಜ್' ಎಂದು ಪಾರ್ಸಿಯ ಹೆಸರು. ಜನರ ಬಾಯಲ್ಲಿ ಸುರಂಗ ಬಾವಿ. ಶತಮಾನಗಳ ಹೂಳನ್ನು ತೆಗೆಯುವ ಕೆಲಸ 2010ರ ದಶಕದಲ್ಲಿ ನಡೆಯಿತು.

ಇಷ್ಟು ದೊಡ್ಡ ಪ್ರಮಾಣದ್ದಲ್ಲದಿದ್ದರೂ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಳಲ್ಲಿಯೂ ಮುರಕಲ್ಲಿಗೆ ಅಡ್ಡಲಾಗಿ ಸುರಂಗ ಕೊರೆದು ತೋಟಕ್ಕೆ ನೀರು ತರುವ ರೂಢಿಯಿದೆ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿಯ ಕೆಲಸ ಮುಗಿಸಿ ಬಂದು, ಒಬ್ಬರೇ ಒಂದರ ಮೇಲೊಂದು ಸುರಂಗ ತೋಡಿದರು. ಹಲವು ಬರಿದಾದವು, ಕೈಬಿಡಲಿಲ್ಲ, ಕೊನೆಗೆ ನೀರು ಬಂದಿತು, ಬೋಳುಗುಡ್ಡದಲ್ಲಿ ಅಡಕೆಯ ತೋಟವೆದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಮಣೆಯ ಮೇಲೆ ಹದಿನಾಲ್ಕು ಅಂಕದ ಶಬ್ದವೊಂದರ ಹಿಂದೆ ಇಷ್ಟು ಬೆವರಿದೆ.

ಪಟ್ಟಿಯ ಉಳಿದ ಶಬ್ದಗಳಲ್ಲಿ ಹೆಚ್ಚಿನವು ಅರಬ್ಬಿಯವು. ಅರಬ್ಬಿಯಲ್ಲಿ ಎರಡು ಬಗೆಯ ಕಕಾರಗಳುಂಟು: ನಾಲಿಗೆಯ ಹಿಂಭಾಗದ ಸಾಮಾನ್ಯ 'ಕಾಫ್' ಒಂದು, ಕಿರುನಾಲಿಗೆಯ ಬಳಿಯಿಂದ ಹೊರಡುವುದು ಇನ್ನೊಂದು. ಎರಡನೆಯದನ್ನು ಗುರುತಿಸಲು ಪಾಶ್ಚಾತ್ಯ ಪಂಡಿತರು ಕ್ಯೂವನ್ನು ಬಳಸಿದರು. ಹೀಗೆ ಫಿನೀಷಿಯನ್ನರ ಕಾಲದ ಹಳೆಯ ಉದ್ಯೋಗವೇ ಆ ಅಕ್ಷರಕ್ಕೆ ಮರಳಿ ದೊರೆಯಿತು. ಯು ಇಲ್ಲಿ ಬೇಕಿಲ್ಲ.

'ಫಕೀರ್' ಎಂದರೆ ಬಡವ, ಐಹಿಕವನ್ನು ಬಿಟ್ಟವನು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕೆ ಹಾಕಿ ಬರೆಯುವರಾದರೂ ಎಫ್, ಎ, ಕ್ಯೂ, ಐ, ಆರ್ ಎಂಬುದೂ ಸಾಧುರೂಪ. 1931ರಲ್ಲಿ ಚರ್ಚಿಲ್ಲರು ಗಾಂಧೀಜಿಯವರನ್ನು ಅರೆಬತ್ತಲೆಯ ಫಕೀರನೆಂದು ಹಳಿದದ್ದು ಪ್ರಸಿದ್ಧ. ಬೈಗುಳವೆಂದು ಆಡಿದ ಮಾತು ಬಿರುದಾಗಿ ನಿಂತಿತು. 'ನಿಕಾಬ್' ಕಣ್ಣುಗಳನ್ನು ಬಿಟ್ಟು ಮುಖವನ್ನು ಮುಚ್ಚುವ ವಸ್ತ್ರ. 'ಬುರ್ಕಾ' ಮೈಯೆಲ್ಲವನ್ನೂ ಮುಚ್ಚುವುದು; ಇದರಲ್ಲಿ ಯು ಇದೆಯಾದರೂ ಕ್ಯೂವಿನ ಹಿಂದೆ ನಿಲ್ಲದೆ ಬಹು ಮುಂದೆಯೇ ಬಂದು ಕುಳಿತಿರುವುದರಿಂದ ಅನೇಕರಿಗೆ ಇದು ಹೊಳೆಯುವುದೇ ಇಲ್ಲ. 'ಕಿಬ್ಲಾ' ಎಂದರೆ ನಮಾಜಿನಲ್ಲಿ ಮುಖಮಾಡುವ, ಮೆಕ್ಕೆಯ ಕಾಬಾದ ದಿಕ್ಕು; ಈ ನಾಡಿನಲ್ಲಿ ಅದು ಪಶ್ಚಿಮ. 'ತಲಾಕ್' ಶಬ್ದಕ್ಕೆ ಅರ್ಥ ಹೇಳಬೇಕಾಗಿಲ್ಲ. ಒಂದೇ ಉಸಿರಿನಲ್ಲಿ ಮೂರು ಬಾರಿ ಅದನ್ನಾಡಿ ವಿವಾಹವನ್ನು ಮುರಿಯುವ ಪದ್ಧತಿಯನ್ನು ಭಾರತದ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಅಸಿಂಧುವೆಂದು ಸಾರಿತು. 2019ರ ಕಾಯಿದೆ ಅದನ್ನು ಅಪರಾಧವೆಂದಿತು. ಐದೇ ಅಕ್ಷರಗಳ ಶಬ್ದದ ಮೇಲೆ ಎಷ್ಟು ಹೆಂಗಸರ ಬಾಳು ನಿಂತಿದ್ದಿತು!

'ಕಾನೂನ್' ಇನ್ನೊಂದು: ಕ್ಯೂ, ಎ, ಎನ್, ಯು, ಎನ್. ಇಂಗ್ಲಿಷ್ ನಿಘಂಟಿನಲ್ಲಿ ಇದಕ್ಕೆ ತೊಡೆಯ ಮೇಲಿಟ್ಟು ಮೀಟುವ, ಅನೇಕ ತಂತಿಗಳ ಅರಬ್ಬೀ ವಾದ್ಯವೆಂದು ಅರ್ಥ. ಅರಬ್ಬಿಯಲ್ಲಿ ಅದೇ ಶಬ್ದಕ್ಕೆ ಕಟ್ಟಳೆಯೆಂಬ ಅರ್ಥವೂ ಇದೆ. ಇಬ್ನ್ ಸೀನಾ ಎಂಬ ಮಹಾವೈದ್ಯನ ಹೆಸರಾಂತ ವೈದ್ಯಗ್ರಂಥವೂ 'ಕಾನೂನ್' ಎಂದೇ ಖ್ಯಾತ. ಮೂಲದಲ್ಲಿ ಅದು ಗ್ರೀಕರ 'ಕಾನೋನ್', ಎಂದರೆ ಅಳತೆಯ ನೇರಕೋಲು. ಆ ಕೋಲಿಗೆ ಹೆಸರು ಬಂದದ್ದು ಸೆಮಿಟಿಕ್ ಭಾಷೆಗಳಿಂದ ಗ್ರೀಕಿಗೆ ಹೋದ, ಜೊಂಡುಕಡ್ಡಿಯೆಂಬ ಅರ್ಥದ ಶಬ್ದದಿಂದ ಎಂದು ಪಂಡಿತರ ಮತ. ಮೇಲೆ ಹೇಳಿದ ಕನಾತಿನ ಮೂಲವೂ ಟೊಳ್ಳಾದ ಆ ಕಡ್ಡಿಯೇ. ಇಂಗ್ಲಿಷಿನ ಕೇನ್, ಕೆನಾಲ್, ಚಾನೆಲ್ ಎಲ್ಲ ಅದರ ಬಳಗ. ಬೀದರಿನ ಸುರಂಗ, ಮಂಡ್ಯದ ನಾಲೆಯ ಇಂಗ್ಲಿಷ್ ಹೆಸರು, ವಕೀಲರ ಬಾಯಿಯ ಕಾನೂನು, ಮೂರೂ ಒಂದೇ ಜೊಂಡಿನ ಮೆಳೆಯಿಂದ ಬಂದವು!

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದು ವಿಚಾರ. ಇಂಗ್ಲಿಷ್ ಆಟಗಾರರು ಊರುಗೋಲು ಹಿಡಿದು ಹುಡುಕುವ ಈ ಒಂಟಿ ಕ್ಯೂ ಕನ್ನಡಿಗರ ಮನೆಗಳಲ್ಲಿ ಹೇರಳವಾಗಿದೆ, ಕಕಾರದ ವೇಷದಲ್ಲಿ. ಅಂಗಡಿಯ ಬಾಕಿ, ಕೈಮೇಲಿನ ನಗದು, ಮನೆಯ ಕರಾರು, ಆಸ್ತಿಯ ಹಕ್ಕು, ದಾಖಲೆಯ ನಕಲು, ನಿವೇಶನದ ನಕ್ಷೆ, ಸರ್ಕಾರದ ಇಲಾಖೆ, ಕಾಯಿದೆ, ಸಂದೂಕು, ಬಂದೂಕು, ತಾಕತ್ತು, ಫರಕು, ಉತ್ತರ ಕರ್ನಾಟಕದ ಕಂದೀಲು. ಅರಬ್ಬಿಯಲ್ಲಿ ಇವೆಲ್ಲಕ್ಕೂ ಗಂಟಲಿನಾಳದ ಆ ಅಕ್ಷರವೇ. ಸುಲ್ತಾನರ, ಮೊಗಲರ, ಮರಾಠರ ಕಚೇರಿಗಳ ಮೂಲಕ ಕಂದಾಯದ ಲೆಕ್ಕದೊಡನೆ ಒಳಗೆ ಬಂದ ಶಬ್ದಗಳು ಕನ್ನಡದ ಉಕಾರವನ್ನು ಕೊನೆಗೆ ಹಚ್ಚಿಕೊಂಡು ಮನೆಯವೇ ಆದವು. 'ನಗದು' ಎಂಬುದರಲ್ಲಿ ಅಕ್ಷರ ಗಕಾರವಾಗಿದೆ, 'ಇಲಾಖೆ'ಯಲ್ಲಿ ಖಕಾರವಾಗಿದೆ. 'ತಾಲ್ಲೂಕು' ಇಂಗ್ಲಿಷ್ ನಿಘಂಟನ್ನೂ ಸೇರಿದೆ, ಐದೇ ಅಕ್ಷರಗಳ ಶಬ್ದವಾಗಿ. ಆದರೆ ಕಡೆಯಲ್ಲಿ ಕೆ ಇಟ್ಟು ಬರೆದದ್ದರಿಂದ ಹತ್ತು ಅಂಕ ಐದಕ್ಕಿಳಿಯಿತು. ನಾಲ್ಕಕ್ಷರದ 'ಕಾಯಿದ್' ನಿಘಂಟಿನಲ್ಲಿ ನಾಯಕನೆಂಬ ಅರ್ಥದಲ್ಲಿದೆ. ಕನ್ನಡದ ಕೈದಿಯನ್ನು ಅದಕ್ಕೆ ಗಂಟುಹಾಕಬಾರದು; ಅವನು ಬಂಧನವೆಂಬ ಅರ್ಥದ ಬೇರೊಂದು ಅರಬ್ಬಿ ಶಬ್ದದಿಂದ ಬಂದವನು. ನಾಯಕರು ಕೈದಿಗಳಾಗುವುದೂ ಉಂಟೆಂಬುದು ಬೇರೆಯ ವಿಷಯ.

ಇವೆಲ್ಲ ಇಂಗ್ಲಿಷ್ ಶಬ್ದಗಳೇ ಎಂದು ತಾತಂದಿರು ಕೇಳಬಹುದು. ನಿಘಂಟುಕಾರರು ನೋಡುವುದು ಶಬ್ದದ ಹುಟ್ಟೂರನ್ನಲ್ಲ. ಇಂಗ್ಲಿಷ್ ಬರವಣಿಗೆಯಲ್ಲಿ ಅದರ ಬಳಕೆಯನ್ನು. ಚೀನದ 'ಚಿ' ಎಂಬ ಪ್ರಾಣಶಕ್ತಿಯ ಹೆಸರನ್ನು ಮೊದಲು ಸಿ, ಎಚ್ ಹಾಕಿ ಬರೆಯುತ್ತಿದ್ದರು. 1958ರಲ್ಲಿ ಚೀನ ಸರ್ಕಾರವೇ ರೋಮನ್ ಲಿಪಿಯ ಹೊಸ ಕ್ರಮವನ್ನು ಒಪ್ಪಿಕೊಂಡು ಆ ಧ್ವನಿಗೆ ಕ್ಯೂವನ್ನು ನೇಮಿಸಿತು. ಹೊಸ ರೂಪ ಪುಸ್ತಕಗಳಲ್ಲಿ ಹರಡಿ, 2006ರಲ್ಲಿ ಅಮೆರಿಕದ ಆಟಗಾರರ ಪಟ್ಟಿಗೂ ಬಂದಿತು. ಕ್ಯೂ, ಐ: ಎರಡೇ ಬಿಲ್ಲೆ, ಹನ್ನೊಂದು ಅಂಕ. ಮೂಲೆಯಲ್ಲಿ ಅಳುತ್ತ ಕುಳಿತಿದ್ದ ಕ್ಯೂಗಳಿಗೆ ಅಂದಿನಿಂದ ಆಸರೆಯಾಯಿತು. ಹಳೆಯ ಆಟಗಾರರು ಗೊಣಗಿದರೆ ಆಶ್ಚರ್ಯವಿಲ್ಲ. ಕಷ್ಟಪಟ್ಟು ಉರು ಹೊಡೆದ ದೊಡ್ಡ ಪಟ್ಟಿಯ ಬೆಲೆ ಒಮ್ಮೆಗೇ ಇಳಿಯಿತಲ್ಲ. ಅಜರ್‌ಬೈಜಾನಿನ ಚಿಲ್ಲರೆ ನಾಣ್ಯ 'ಕಪಿಕ್' ಕೂಡ ಹೀಗೆ ಒಳಬಂದದ್ದು. ರಷ್ಯದ ಕೊಪೆಕ್ಕೇ ಅದು. 'ಟ್ರ್ಯಾಂಕ್' ಮಾತ್ರ ಅಪ್ಪಟ ಇಂಗ್ಲಿಷ್ ಸಂತಾನ. ಮನಸ್ಸನ್ನು ಶಾಂತಗೊಳಿಸುವ ಔಷಧಕ್ಕೆ ಹೇಳುವ 'ಟ್ರ್ಯಾಂಕ್ವಿಲೈಸರ್' ಎಂಬ ಉದ್ದದ ಶಬ್ದವನ್ನು ಕ್ಯೂವಿನ ಬಳಿ ಕತ್ತರಿಸಿದ್ದಾರೆ, ಯು ಆಚೆಗೆ ಬಿದ್ದಿದೆ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ನಗರಗಳಲ್ಲಿ, ಕುದುರೆ ದನಗಳಿಗೆ ಕೊಡುವ ಮತ್ತಿನ ಔಷಧವನ್ನು ಮಾದಕವಸ್ತುವಿಗೆ ಬೆರೆಸುವ ಹಾವಳಿಗೂ ಅದೇ ಹೆಸರು ಬಿದ್ದಿದೆ. ಈ ಪಟ್ಟಿಯಲ್ಲಿ ಕೇಳಲು ಹಿತವಲ್ಲದ್ದು ಇದೊಂದೇ.

ಕೊನೆಗೆ ಉತ್ತರಧ್ರುವದ ಕಡೆಯ ಎರಡು ದೋಣಿಗಳು. 'ಉಮಿಯಾಕ್' ಚರ್ಮ ಹೊದಿಸಿದ ದೊಡ್ಡ ತೆರೆದ ದೋಣಿ. ಗ್ರೀನ್‌ಲೆಂಡಿನಲ್ಲಿ ಇದಕ್ಕೆ ಹುಟ್ಟು ಹಾಕುತ್ತಿದ್ದವರು ಹೆಂಗಸರು. ಸಂಸಾರ, ಮಕ್ಕಳು, ಪಾತ್ರೆಪಡಗ ಎಲ್ಲ ಸಾಗುತ್ತಿದ್ದುದು ಇದರಲ್ಲಿ. ಬೇಟೆಗೆ ಹೊರಟ ಗಂಡಸು ಒಬ್ಬನೇ ಕೂರುವ, ಸೀಲಿನ ಚರ್ಮದ ಕಿರುದೋಣಿ 'ಕಯಾಕ್'. 1973ರಲ್ಲಿ ಗ್ರೀನ್‌ಲೆಂಡಿನವರು ತಮ್ಮ ಕಾಗುಣಿತವನ್ನು ಸುಧಾರಿಸಿದಾಗ ಗಂಟಲಿನ ಕಕಾರಕ್ಕೆ ಇದ್ದ ವಿಚಿತ್ರ ಅಕ್ಷರವನ್ನು ತೆಗೆದು ಕ್ಯೂವನ್ನು ಇಟ್ಟರು. ಆ ರೂಪದಲ್ಲಿ ಕಿರುದೋಣಿಯ ಹೆಸರು ಹೀಗೆ: ಕ್ಯೂ, ಎ, ಜೆ, ಎ, ಕ್ಯೂ. ಹಿಂದಿನಿಂದ ಓದಿದರೂ ಅದೇ, ಕನ್ನಡದ 'ವಿಕಟಕವಿ'ಯಂತೆ. ಎರಡು ಕ್ಯೂಗಳಿದ್ದರೂ ಒಂದು ಯು ಇಲ್ಲ. ಬ್ರಿಟಿಷ್ ಪಟ್ಟಿಯನ್ನಿಟ್ಟುಕೊಂಡು ಆಡುವವರು ಇದನ್ನು ಇಡಬಹುದು. ಆದರೆ ಪೆಟ್ಟಿಗೆಯಲ್ಲಿರುವುದು ಒಂದೇ ಕ್ಯೂ. ಇನ್ನೊಂದರ ಸ್ಥಾನದಲ್ಲಿ ಏನೂ ಬರೆಯದ ಖಾಲಿ ಬಿಲ್ಲೆಯನ್ನು ಇಟ್ಟುಕೊಳ್ಳಬೇಕು, ಅದಕ್ಕೆ ಅಂಕವಿಲ್ಲ. ಜೆ ಎಂಟು, ಕ್ಯೂ ಹತ್ತು, ಎರಡು ಎ ಸೇರಿ ಇಪ್ಪತ್ತು. ಖಾಲಿ ಬಿಲ್ಲೆಯೂ ಕ್ಯೂವೂ ಒಟ್ಟಿಗೆ ಕೈಗೆ ಬಂದ ದಿನ ಮೊಮ್ಮಗಳು ತಾತನ ಮುಂದೆ ಇದನ್ನಿಡಲಿ. ಅರ್ಥವನ್ನು ಕೇಳಿದರೆ ಈ ಸಲ ಹೇಳಬಲ್ಲಳು.